ದೋಣಿಗೆ ವಾಕಿಟಾಕಿ, ಕಿವಿಗೆ ಹೆಡ್‌ಸೆಟ್: ಎರಡು ಮಳೆಗಾಲ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಡಬ್ಬಿ ಮೇಲೆ ಎಷ್ಟು ಕಿಲೋಮೀಟರ್ ಬರೆದಿದೆ ಅಂತ ನೋಡಿ ದೋಣಿಗೆ ವಾಕಿಟಾಕಿ ಕೊಂಡರೆ ದುಡ್ಡು ದಂಡ. ನೀರಿನ ಮೇಲೆ ದೂರ ಅನ್ನುವುದು ತೊಂದರೆಯೇ ಅಲ್ಲ. ತೊಂದರೆ ಇರುವುದು ಮೋಟಾರಿನ ಸದ್ದಲ್ಲಿ, ಗಾಳಿಯಲ್ಲಿ, ಆಮೇಲೆ ಎರಡೂ ಕೈಯಲ್ಲಿ ಬಲೆ ಇರುವುದರಲ್ಲಿ. ಹಾಗಾಗಿ ಸೆಟ್ಟಿಗಿಂತ ಹೆಡ್‌ಸೆಟ್ಟಿಗೆ ಜಾಸ್ತಿ ಖರ್ಚು ಮಾಡಿ. ನಾವು ಮಾಡಿರುವುದೂ ಅಷ್ಟೇ.

ನಾವು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ಮೀನು ಹಿಡಿಯುವವರು. ಫೈಬರ್ ದೋಣಿ, ಹಿಂದೆ ಔಟ್‌ಬೋರ್ಡ್ ಮೋಟಾರು. ಮೋಟಾರು ನನ್ನ ಕೈಯಲ್ಲಿ. ಬಾಮೈದ ಮುಂದೆ ನಿಂತು ಬಲೆ ಬಿಡುತ್ತಾನೆ, ಅವನ ಬೆನ್ನು ನನ್ನ ಕಡೆ. ದಂಡೆಯಲ್ಲಿ ನಮ್ಮ ಮಾವ ಐಸ್ ಪೆಟ್ಟಿಗೆ, ಟೆಂಪೋ ನೋಡಿಕೊಳ್ಳುತ್ತಾರೆ. ಇಷ್ಟು ಜನಕ್ಕೆ ಫೋನ್ ಸಾಲಲ್ವಾ ಅಂತ ಕೇಳುತ್ತಾರೆ. ಮೀನಿನ ಲೋಳೆ ಮೆತ್ತಿದ ಒದ್ದೆ ಬೆರಳಿಗೆ ಟಚ್ ಸ್ಕ್ರೀನ್ ಓಗೊಡುವುದಿಲ್ಲ. ಹಿನ್ನೀರಿನ ಮೂಲೆಗಳಲ್ಲಿ ಸಿಗ್ನಲ್ ಕೈಕೊಡುತ್ತದೆ. ಬಲೆ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುವ ಹೊತ್ತಲ್ಲಿ ರಿಂಗ್ ಆಗಲಿ ಅಂತ ಕಾಯಲು ಆಗುತ್ತದಾ?

ಈಗ ಎರಡು ಬಗೆಯ ಸಾಮಾನು ಇಟ್ಟುಕೊಂಡಿದ್ದೇವೆ. ದಂಡೆಗೂ ದೋಣಿಗೂ 446 ಮೆಗಾಹರ್ಟ್ಸ್‌ನ ಅರ್ಧ ವಾಟ್ ವಾಕಿಟಾಕಿ. ದೋಣಿಯೊಳಗೆ ನಮ್ಮಿಬ್ಬರಿಗೆ ಬೈಕ್ ಹೆಲ್ಮೆಟ್ಟಿಗೆ ಹಾಕುವ ಬ್ಲೂಟೂತ್ ಇಂಟರ್‌ಕಾಮ್, ಹೆಡ್‌ಬ್ಯಾಂಡಿಗೆ ಕೂರಿಸಿದ್ದು. ಕಂಪನಿ ಹೆಸರು ಬರೆಯುವುದಿಲ್ಲ, ಹೆಚ್ಚುಕಮ್ಮಿ ಇದೇ ಸಾಮಾನು ನಾಲ್ಕಾರು ಹೆಸರಲ್ಲಿ ಸಿಗುತ್ತದೆ.

ಎರಡು ಯಾಕೆ ಅಂದರೆ, ವಾಕಿಟಾಕಿಯಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಳಬೇಕು ಅಷ್ಟೇ, ನಡುವೆ ಬಾಯಿ ಹಾಕುವ ಹಾಗಿಲ್ಲ. ದಂಡೆ ಜೊತೆ ಮಾತಾಡಲು ಇದು ಸಾಕು. ದೋಣಿಯೊಳಗೆ ಸಾಲದು. ನಾನು ಏನೋ ಹೇಳುತ್ತಿರುವಾಗಲೇ ಬಾಮೈದ "ಭಾವ, ನ್ಯೂಟ್ರಲ್, ನ್ಯೂಟ್ರಲ್!" ಅಂದರೆ ಅದು ಆ ಕ್ಷಣಕ್ಕೇ ನನ್ನ ಕಿವಿಗೆ ಬೀಳಬೇಕು. ಇಂಟರ್‌ಕಾಮಿನಲ್ಲಿ ಫೋನಿನ ಹಾಗೆ ಇಬ್ಬರೂ ಒಟ್ಟಿಗೆ ಮಾತಾಡಬಹುದು, ಯಾವ ಬಟನ್ನೂ ಒತ್ತಬೇಕಿಲ್ಲ. ದೋಣಿಯ ಉದ್ದಕ್ಕೆ ಬ್ಲೂಟೂತ್ ಧಾರಾಳ ಸಾಕು.

ಕೈ ಬಿಡುವಿಲ್ಲದವರಿಗೆ ಅಂತ ವಾಕಿಟಾಕಿಯಲ್ಲೂ ವಾಕ್ಸ್ ಅನ್ನುವ ಸೌಲಭ್ಯ ಇರುತ್ತದೆ. ಬಟನ್ ಒತ್ತುವುದು ಬೇಡ, ದನಿ ಕೇಳಿದರೆ ತಾನೇ ಆನ್ ಆಗುತ್ತದೆ. ಅಂಗಡಿಯಲ್ಲಿ ನಿಂತು ನೋಡಿದರೆ ಬಹಳ ಚೆನ್ನ. ಆಷಾಢದ ಗಾಳಿಯಲ್ಲಿ ನೋಡಬೇಕು ಅದರ ಅವತಾರ! ಗಾಳಿಯನ್ನೇ ಮಾತು ಅಂದುಕೊಂಡು ಸುಮ್ನೆ ಆನ್ ಆಗುತ್ತದೆ, ದಂಡೆಯಲ್ಲಿರುವ ಮಾವನ ಕಿವಿಗೆ ಬರೀ ಭುಸ್ಸ್ ಅನ್ನುವ ಸದ್ದು, ಅದು ನಿಲ್ಲುವವರೆಗೆ ಅವರು ಏನು ಕೂಗಿದರೂ ನಮಗೆ ಬರುವುದಿಲ್ಲ. ಗಾಳಿಗೆ ಆನ್ ಆಗದ ಹಾಗೆ ಅದರ ಸೂಕ್ಷ್ಮತೆ ಇಳಿಸಿದರೆ ನಮ್ಮ ಮಾತಿನ ಮೊದಲ ಅಕ್ಷರವನ್ನೇ ನುಂಗುತ್ತದೆ. ವಾಕ್ಸ್ ಆಫ್ ಮಾಡಿಡಿ. ಬಟ್ಟೆಗೆ ಸಿಕ್ಕಿಸುವ ದೊಡ್ಡ ಬಟನ್ ಇರುವ ಹೆಡ್‌ಸೆಟ್ ತಗೊಂಡು ಆ ಬಟನ್ನನ್ನು ಲೈಫ್ ಜಾಕೆಟ್ಟಿನ ಎದೆ ಹತ್ತಿರ ಇಟ್ಟುಕೊಳ್ಳಿ. ಮುಂಗೈಯಲ್ಲೂ ಒತ್ತಬಹುದು.

ಬಟನ್ ಒತ್ತುವುದಕ್ಕೂ ಒಂದು ಹದ ಇದೆ. ಒತ್ತಿ, ಅರೆಗಳಿಗೆ ಬಿಟ್ಟು ಮಾತಾಡಿ. ಮಾತು ಪೂರ್ತಿ ಮುಗಿದ ಮೇಲೆ ಬೆರಳು ತೆಗೆಯಿರಿ. ಅವಸರದಲ್ಲಿ ಬೇಗ ಬಿಟ್ಟರೆ "ಈ ಕಡೆ ಬರಬೇಡಿ" ಅನ್ನುವುದು ಆ ಕಡೆಗೆ "ಈ ಕಡೆ ಬರ..." ಅಂತ ಹೋಗುತ್ತದೆ. ಅದಕ್ಕೇ ನಮ್ಮಲ್ಲಿ "ಬೇಡ ಬೇಡ" ಅಂತ ಮೊದಲು ಹೇಳಿ ಆಮೇಲೆ ಏನು ಬೇಡ ಅಂತ ಹೇಳುವುದು ರೂಢಿಯಾಗಿದೆ.

ಮೈಕ್ ವಿಷಯ ಇನ್ನೂ ಮುಖ್ಯ. ಸೆಟ್ ಜೊತೆ ಪುಕ್ಕಟೆ ಬರುವ, ಸೆಕ್ಯುರಿಟಿಯವರು ಹಾಕಿಕೊಳ್ಳುವಂಥ ಪಾರದರ್ಶಕ ಟ್ಯೂಬಿನ ಇಯರ್‌ಪೀಸ್ ದೋಣಿಗೆ ಬೇಡ. ಬೆವರಿಗೆ ಜಾರುತ್ತದೆ, ಟ್ಯೂಬಿನೊಳಗೆ ಒಂದು ಹನಿ ನೀರು ಸೇರಿದರೂ ದನಿ ಗೊಳಗೊಳ ಅನ್ನುತ್ತದೆ. ಬಾಯಿಯವರೆಗೆ ಬರುವ ಕಡ್ಡಿ ಮೈಕ್, ಅದರಲ್ಲೂ ಸದ್ದು ತಡೆಯುವ ಬಗೆಯದ್ದು ಬೇಕು. ಈ ಮೈಕಿಗೆ ಎದುರೂ ಹಿಂದೂ ತೂತು ಇರುತ್ತದೆ. ದೂರದಿಂದ ಬಂದ ಸದ್ದು ಎರಡೂ ಕಡೆಯಿಂದ ಒಂದೇ ಸಮ ಒಳಗೆ ಹೋಗಿ ಒಂದನ್ನೊಂದು ಕಳೆದುಹಾಕುತ್ತದೆ, ಹತ್ತಿರದ ಬಾಯಿಯ ಮಾತು ಮಾತ್ರ ಎದುರು ತೂತಿಗೆ ಜೋರಾಗಿ ಬೀಳುತ್ತದೆ. ಹಾಗಾಗಿ ಅದು ತುಟಿಯ ಮೂಲೆಯಿಂದ ಒಂದು ಬೆರಳ ಅಗಲದೊಳಗೆ ಇರಬೇಕು. ಗಲ್ಲದ ಕೆಳಗೆ ಜಾರಿತೋ, ಮೋಟಾರಿನ ಸದ್ದಿನ ಜೊತೆ ನಿಮ್ಮ ಮಾತನ್ನೂ ಕಳೆದುಹಾಕುತ್ತದೆ. ತುಟಿಗೆ ನೇರ ಎದುರಿಗೂ ಬೇಡ, ಉಸಿರು ಬಡಿಯುತ್ತದೆ. ಮೇಲೆ ಸ್ಪಂಜಿನ ಟೋಪಿ ಇರಲೇಬೇಕು. ಅದು ನೆನೆದರೆ ದನಿ ಬಾಯಿಗೆ ಬಟ್ಟೆ ಕಟ್ಟಿಕೊಂಡಂತೆ ಆಗುತ್ತದೆ, ಹಿಂಡಿ ಹಾಕಿದರೂ ಪೂರ್ತಿ ಸರಿಯಾಗುವುದಿಲ್ಲ. ಒಣಗಿದ ಸ್ಪಂಜು ಒಂದೆರಡು ಜೇಬಿನಲ್ಲಿರಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತವೆ.

ಎರಡೂ ಕಿವಿ ಮುಚ್ಚುವ ಹೆಡ್‌ಸೆಟ್ ಮುಂದೆ ನಿಲ್ಲುವವನಿಗೆ ಸರಿ. ಮೋಟಾರು ಹಿಡಿದವನಿಗೆ ಒಂದು ಕಿವಿ ತೆರೆದಿರಲಿ. ಎಂಜಿನ್ ಮಿಸ್ ಹೊಡೆಯುವುದು ಕಣ್ಣಿಗಿಂತ ಮೊದಲು ಕಿವಿಗೇ ಗೊತ್ತಾಗುತ್ತದೆ.

ಇನ್ನು ವಾಟರ್‌ಪ್ರೂಫ್ ಕಥೆ. ಐಪಿ67 ಅಂದರೆ ಧೂಳು ಒಳಗೆ ಹೋಗುವುದಿಲ್ಲ, ಒಂದು ಮೀಟರ್ ಆಳದ ನೀರಲ್ಲಿ 30 ನಿಮಿಷ ತಡೆಯುತ್ತದೆ. ಆದರೆ ಹೆಡ್‌ಸೆಟ್ ಸಿಕ್ಕಿಸುವ ತೂತಿನ ರಬ್ಬರ್ ಮುಚ್ಚಳ ಹಾಕಿದ್ದರೆ ಮಾತ್ರ. ದೋಣಿಯಲ್ಲಿ ಹೆಡ್‌ಸೆಟ್ ಯಾವಾಗಲೂ ಸಿಕ್ಕಿಸಿಯೇ ಇರುತ್ತೇವೆ, ಅಲ್ಲಿಗೆ ಆ ಭರವಸೆ ಮುಗಿಯಿತು. ನಮ್ಮ ಒಂದು ಸೆಟ್ಟಿನ ಪಿನ್ನಿಗೆ ಮೊದಲ ಮಳೆಗಾಲದಲ್ಲೇ ಹಸಿರು ಕಿಲುಬು ಹಿಡಿದು ಕರಕರ ಶುರುವಾಯಿತು. ಈಗ ದಿನಾ ಸಂಜೆ ಪಿನ್ ಕಿತ್ತು ಒರೆಸಿ, ಆರಲು ಬಿಟ್ಟು, ಆಮೇಲೆ ಚಾರ್ಜಿಗೆ ಹಾಕುತ್ತೇವೆ. ಸೆಟ್ ನೀರಿಗೆ ಬಿದ್ದರೆ ತೇಲುವುದಿಲ್ಲ, ಹಾಗಾಗಿ ಬಣ್ಣದ ಹುರಿಯಲ್ಲಿ ಜಾಕೆಟ್ಟಿಗೆ ಕಟ್ಟಿರುತ್ತೇವೆ.

ದೂರದ ಮಾತು ಎತ್ತಿದ್ದೆನಲ್ಲ. ಬಯಲು ನೀರಿನ ಮೇಲೆ ಅಡ್ಡ ಏನೂ ಇಲ್ಲದೆ ಅರ್ಧ ವಾಟ್ ಆರಾಮಾಗಿ ಮುಟ್ಟುತ್ತದೆ. ನಡುವೆ ದಿಣ್ಣೆಯೋ ದಟ್ಟ ತೋಪೋ ಬಂದರೆ 5 ವಾಟ್ ಇದ್ದರೂ ತಡವರಿಸುತ್ತದೆ. ಸೊಂಟಕ್ಕೆ ಸಿಕ್ಕಿಸಿ ಕೂತರೆ ನಿಮ್ಮ ಮೈಯೇ ಅಡ್ಡ, ಭುಜದ ಹತ್ತಿರ ಆಂಟೆನಾ ನೆಟ್ಟಗೆ ನಿಲ್ಲುವ ಹಾಗೆ ಇಟ್ಟುಕೊಳ್ಳಿ.

ಲೈಸೆನ್ಸ್ ವಿಷಯ ಬಹಳ ಜನ ಕೇಳುವುದೇ ಇಲ್ಲ. ನಮ್ಮ ದೇಶದಲ್ಲಿ 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಸೆಟ್ಟಿಗೆ 2018ರ ನಿಯಮದ ಪ್ರಕಾರ ಲೈಸೆನ್ಸ್ ಬೇಡ, ಆದರೆ ಆ ಮಾದರಿಗೆ ಇಟಿಎ, ಅಂದರೆ ರೇಡಿಯೋ ಉಪಕರಣದ ಮಾದರಿಗೆ ಸರ್ಕಾರ ಕೊಡುವ ಅನುಮೋದನೆ ಇರಬೇಕು. ಎಲ್ಲರ ಕೈಯಲ್ಲೂ ಕಾಣುವ ಬಾವೊಫೆಂಗ್ ಯುವಿ-5ಆರ್ ಥರದ್ದು ಈ ಗುಂಪಿಗೆ ಸೇರುವುದಿಲ್ಲ, ಅದಕ್ಕೆ ಲೈಸೆನ್ಸ್ ಬೇಕು. ಅಮೆರಿಕದಿಂದ ನೆಂಟರು ತಂದುಕೊಡುವ 462 ಮೆಗಾಹರ್ಟ್ಸ್ ಸೆಟ್ಟೂ ಇಲ್ಲಿ ನಡೆಯುವುದಿಲ್ಲ. ಆನ್‌ಲೈನ್‌ನಲ್ಲಿ ಯಾವ ಫ್ರೀಕ್ವೆನ್ಸಿ, ಲೈಸೆನ್ಸ್ ಬೇಕೋ ಬೇಡವೋ ಅಂತ ಹೇಳದೆ ಮಾರುತ್ತಿದ್ದರು ಅಂತಲೇ 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರಾಟ ತಾಣಗಳಿಗೆ ನೋಟಿಸ್ ಕೊಟ್ಟು ಮಾರ್ಗಸೂಚಿ ಹೊರಡಿಸಿತು. ಪುಟದಲ್ಲಿ ಫ್ರೀಕ್ವೆನ್ಸಿ ಬರೆದಿಲ್ಲ ಅಂದರೆ ಮುಂದಕ್ಕೆ ಹೋಗಿ.

ಮಲ್ಪೆ, ಮಂಗಳೂರು ಕಡೆ ಕಡಲಿಗೆ ಇಳಿಯುವವರ ಲೆಕ್ಕ ಬೇರೆ. ಅವರಿಗೆ ಮರೈನ್ ವಿಎಚ್‌ಎಫ್ ಅನ್ನುವ ಕಡಲ ರೇಡಿಯೋ ಬೇಕು, ಅಪಾಯದ ಕರೆಗೆ 156.8 ಮೆಗಾಹರ್ಟ್ಸ್‌ನ 16ನೇ ಚಾನೆಲ್ ಇದೆ. ನಮ್ಮ ಒಳನಾಡಿನ ನೀರಿನಲ್ಲಿ ಅದನ್ನು ಕೇಳುತ್ತಾ ಕೂರುವವರು ಯಾರಿದ್ದಾರೆ?

ವಾಕಿಟಾಕಿಯಲ್ಲಿ ಚಾನೆಲ್ ಜೊತೆ ಹಾಕಿಕೊಳ್ಳುವ "ಪ್ರೈವೆಸಿ ಕೋಡ್" ನಂಬಬೇಡಿ. ಕೋಡ್ ಹಾಕಿದರೆ ಬೇರೆಯವರ ಮಾತು ನಿಮಗೆ ಕೇಳಿಸುವುದಿಲ್ಲ ಅಷ್ಟೇ, ನಿಮ್ಮ ಮಾತು ಗುಟ್ಟಾಗಿ ಉಳಿಯುವುದಿಲ್ಲ. ಲಗ್ನದ ಸೀಸನ್‌ನಲ್ಲಿ ಹತ್ತಿರದ ಯಾವುದೋ ಛತ್ರದವರು ನಮ್ಮ ಚಾನೆಲ್ಲಿಗೇ ಬಂದಿದ್ದರು. ಬಲೆ ಎಳೆಯುತ್ತಾ ಮೂರನೇ ಪಂಕ್ತಿಗೆ ಪಾಯಸ ಸಾಲದು ಅನ್ನುವುದನ್ನೆಲ್ಲ ಕೇಳಿಸಿಕೊಂಡೆವು. ಕೋಡ್ ಹಾಕಿದ್ದರೆ ಆ ಸುದ್ದಿ ತಪ್ಪುತ್ತಿತ್ತು.

ಮಾರ್ಕೋನಹಳ್ಳಿಯಲ್ಲಿ ರೇಡಿಯೋ ಬೇಕಾಗಲು ಇನ್ನೊಂದು ಕಾರಣ ಇದೆ. ಇಲ್ಲಿ ನೀರು ತುಂಬಿದರೆ ಸೈಫನ್, ಅಂದರೆ ಹೆಚ್ಚಾದ ನೀರನ್ನು ಎಳೆದು ಹೊರಬಿಡುವ ಬಾಗಿದ ಕೊಳವೆ, ತಾನಾಗಿಯೇ ಹರಿಯಲು ಶುರುಮಾಡುತ್ತದೆ, ಯಾರೂ ಗೇಟ್ ಎತ್ತಬೇಕಿಲ್ಲ. ಮಳೆಗಾಲದಲ್ಲಿ ಏರಿ ಕಡೆ ಸುಳಿಯುವುದಿಲ್ಲ ನಾವು, ಆದರೂ ಮಾವ ನೀರಿನ ಮಟ್ಟ ನೋಡಿ ಆಗಾಗ ಹೇಳುತ್ತಿರುತ್ತಾರೆ. ನಾವು ಉತ್ತರ ಕೊಡದಿದ್ದರೆ ಟೆಂಪೋ ಹಾರ್ನ್ ಬಾರಿಸುತ್ತಾರೆ.

ಬ್ಯಾಟರಿ ಎರಡನೇ ಬೇಸಿಗೆ ಹೊತ್ತಿಗೆ ಸೊರಗಿತು. ಬೆಳಗ್ಗೆ ತುಂಬಿಸಿಕೊಂಡರೆ ಮಧ್ಯಾಹ್ನಕ್ಕೇ ಕುಂಯ್ ಅನ್ನುತ್ತದೆ. ಬ್ಯಾಟರಿ ಬೇರೆಯಾಗಿ ಸಿಗುವ ಮಾದರಿಯನ್ನೇ ಕೊಳ್ಳಿ. ಇಂಟರ್‌ಕಾಮಿನಲ್ಲಿ ಅದು ಒಳಗೇ ಸೀಲ್ ಆಗಿರುತ್ತದೆ, ನಮ್ಮದೊಂದು ಈಗಾಗಲೇ ಪವರ್ ಬ್ಯಾಂಕ್ ಕಟ್ಟಿಕೊಂಡು ಓಡಾಡುತ್ತಿದೆ. ಮುಂದೆ ಹೆಡ್‌ಸೆಟ್ ಪಿನ್ನನ್ನು ತಿರುಪು ಹಾಕಿ ಬಿಗಿಯುವ ಸೆಟ್ ನೋಡುತ್ತಿದ್ದೇನೆ. ಲೈಸೆನ್ಸ್ ಬೇಡದ್ದರಲ್ಲಿ ಅಂಥದ್ದನ್ನು ಯಾರಾದರೂ ಬಳಸಿದ್ದರೆ ತಿಳಿಸಿ, ಮೋಟಾರು ಓಡುವಾಗ ಮಾತು ಕೇಳಿಸುತ್ತಾ ಅನ್ನುವುದನ್ನೂ ಸೇರಿಸಿ.