ಕೊನೆಯ ಪೀರಿಯಡ್ಡಿಗೆ ತೊತ್ತೋಚಾನ್

ನಮ್ಮ ಶಾಲೆಯ ಗ್ರಂಥಾಲಯ ಅಂದರೆ ಒಂದು ಕಬ್ಬಿಣದ ಬೀರು. ಮೊದಲೆಲ್ಲ ಅದರ ಬೀಗದ ಕೈ ಎಚ್.ಎಂ. ಸರ್ ಮೇಜಿನ ಡ್ರಾಯರ್‌ನಲ್ಲೇ ಇರುತ್ತಿತ್ತು. ಪುಸ್ತಕ ಹರಿದರೆ ಆಡಿಟ್‌ನಲ್ಲಿ ಯಾರು ಉತ್ತರ ಕೊಡೋದು ಅನ್ನುವ ಭಯ. ಒಳಗೆ ಇದ್ದುದರಲ್ಲಿ ಅರ್ಧ ನೀತಿಕಥೆ, ಕಾಲು ಭಾಗ ಮಹಾಪುರುಷರ ಜೀವನ ಚರಿತ್ರೆ, ಉಳಿದದ್ದು ಯಾವುದೋ ಯೋಜನೆಯಲ್ಲಿ ಕಟ್ಟು ಬಿಚ್ಚದೆ ಬಂದು ಹಾಗೇ ಕುಳಿತದ್ದು. ಮಕ್ಕಳ ಕಾದಂಬರಿ ಅಂತ ಹುಡುಕಿದರೆ ನಾಲ್ಕೋ ಐದೋ. ಅದರಲ್ಲಿ ಒಂದು ತೊತ್ತೋಚಾನ್.

ನಾನು ಅರಸೀಕೆರೆ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 6 ಮತ್ತು 7ನೇ ತರಗತಿಗೆ ಕನ್ನಡ ಹೇಳಿಕೊಡುತ್ತೇನೆ. "ಮಕ್ಕಳಿಗೆ ಯಾವ ಕಾದಂಬರಿ ಕೊಡೋಣ ಮೇಡಂ?" ಅಂತ ಬೇರೆ ಶಾಲೆಯವರು ಕೇಳಿದರೆ ಯೋಚನೆಯನ್ನೇ ಮಾಡದೆ ಈ ಹೆಸರು ಹೇಳುತ್ತೇನೆ. ಆದರೆ "ಕೊಡಬೇಡಿ, ಓದಿ ಹೇಳಿ" ಅಂತಲೂ ಸೇರಿಸುತ್ತೇನೆ. ಪುಸ್ತಕ ಕೈಗೆ ಕೊಟ್ಟು "ಓದಿ" ಅಂದರೆ ನನ್ನ ತರಗತಿಯಲ್ಲಿ ಐದು ಜನ ಓದುತ್ತಾರೆ. ಉಳಿದವರು ಚಿತ್ರ ನೋಡಿ ವಾಪಸ್ ಕೊಡುತ್ತಾರೆ. ದಿನಾ ಕೊನೆಯ ಪೀರಿಯಡ್ಡಿನ ಹದಿನೈದು ನಿಮಿಷ ನಾನೇ ಜೋರಾಗಿ ಓದಿದರೆ ಎಲ್ಲರೂ ಇರುತ್ತಾರೆ. ಓದಲು ಬಾರದವನೂ ಇರುತ್ತಾನೆ.

ಆ ಹದಿನೈದು ನಿಮಿಷಕ್ಕೆ ಅಳತೆ ತೆಗೆದು ಹೊಲಿದ ಹಾಗಿದೆ ಈ ಪುಸ್ತಕ. ಸುಮಾರು 60 ಚಿಕ್ಕ ಚಿಕ್ಕ ಅಧ್ಯಾಯಗಳು. ಕೆಲವು ಎರಡೇ ಪುಟ. ನಡುವೆ ಒಂದು ದಿನ ಶಾಲೆಗೆ ಬರದ ಮಗುವಿಗೂ ಮಾರನೇ ದಿನ ದಾರಿ ತಪ್ಪುವುದಿಲ್ಲ. ಜಪಾನಿನ ತೆತ್ಸುಕೋ ಕುರೊಯಾನಾಗಿ ತಮ್ಮದೇ ಬಾಲ್ಯವನ್ನು ಬರೆದದ್ದು, ಅಲ್ಲಿ 1981ರಲ್ಲಿ ಪ್ರಕಟವಾಯಿತು. ಕನ್ನಡಕ್ಕೆ ವಿ. ಗಾಯತ್ರಿ ಅವರು ತಂದಿದ್ದಾರೆ, ನ್ಯಾಷನಲ್ ಬುಕ್ ಟ್ರಸ್ಟ್ ಪ್ರಕಟಣೆ. ನಡೆದದ್ದನ್ನೇ ಬರೆದದ್ದಾದ್ದರಿಂದ ಇದು ಕಾದಂಬರಿ ಹೇಗಾಗುತ್ತದೆ ಅಂತ ಒಮ್ಮೆ ತರಬೇತಿಯಲ್ಲಿ ಒಬ್ಬರು ವಾದಕ್ಕೆ ನಿಂತರು. ನನ್ನ ಮಕ್ಕಳಿಗೆ ಆ ಚಿಂತೆ ಇಲ್ಲ. "ಇದು ನಿಜವಾಗ್ಲೂ ನಡೆದಿದ್ದಾ ಮಿಸ್?" ಅಂತ ಕೇಳುತ್ತಾರೆ. ಹೌದು ಅಂದರೆ ಇನ್ನೂ ಹತ್ತಿರ ಬಂದು ಕೂರುತ್ತಾರೆ.

ಕತೆ ಶುರುವಾಗುವುದೇ ತೊತ್ತೋಚಾನ್ ಅನ್ನುವ ಒಂದನೇ ಕ್ಲಾಸಿನ ಹುಡುಗಿಯನ್ನು ಶಾಲೆಯಿಂದ ಹೊರಗೆ ಹಾಕುವಲ್ಲಿಂದ. ಏನು ತಪ್ಪು? ಡೆಸ್ಕಿನ ಮುಚ್ಚಳವನ್ನು ನೂರು ಸಲ ತೆಗೆದು ಹಾಕುತ್ತಾಳೆ. ಕಿಟಕಿ ಹತ್ತಿರ ನಿಂತು ಬೀದಿಯಲ್ಲಿ ವಾದ್ಯ ಬಾರಿಸುವವರನ್ನು ಕರೆಯುತ್ತಾಳೆ. ಸೂರಿನಲ್ಲಿ ಗೂಡು ಕಟ್ಟಿದ ಹಕ್ಕಿಯನ್ನು "ಏನ್ ಮಾಡ್ತಿದೀಯ?" ಅಂತ ಮಾತಾಡಿಸುತ್ತಾಳೆ. ಇದನ್ನು ಮೊದಲ ಸಲ ಓದುವಾಗ ನನಗೆ ಕಸಿವಿಸಿಯಾಯಿತು. ದೂರು ಹೇಳುವ ಆ ಟೀಚರ್ ಜಾಗದಲ್ಲಿ ನಾನೇ ಎಷ್ಟು ಸಲ ನಿಂತಿಲ್ಲ! ಅವಳ ಅಮ್ಮ ಮಾತ್ರ, ನಿನ್ನನ್ನು ಶಾಲೆಯಿಂದ ತೆಗೆದುಹಾಕಿದರು ಅಂತ ಮಗಳಿಗೆ ಹೇಳುವುದೇ ಇಲ್ಲ. ಇಪ್ಪತ್ತು ವರ್ಷ ತುಂಬಿದ ಮೇಲೆ ಹೇಳುತ್ತಾಳೆ.

ಆಮೇಲೆ ಸೇರುವ ಶಾಲೆಯೇ ತೊಮೊಯೆ. ಹಳೆ ರೈಲು ಡಬ್ಬಿಗಳೇ ಕ್ಲಾಸ್‌ರೂಮು. ಇಲ್ಲಿ ನಮ್ಮ ಮಕ್ಕಳು ನೆಟ್ಟಗಾದರು. ಅರಸೀಕೆರೆ ಜಂಕ್ಷನ್ ನೋಡಿ ಬೆಳೆದವರಿಗೆ ರೈಲಿನ ವಿಷಯ ಹೇಳಿಕೊಡಬೇಕೇ? "ಸ್ಲೀಪರ್ ಡಬ್ಬಿನಾ, ಜನರಲ್ಲಾ?" ಅಂತ ಶುರು ಮಾಡಿದರು. ನಮ್ಮ ರಾಜ್ಯದಲ್ಲೂ ಎಷ್ಟೋ ಶಾಲೆಗಳ ಗೋಡೆಗೆ ರೈಲಿನ ಬಣ್ಣ ಬಳಿದಿದ್ದಾರೆ. ಮೈಸೂರಿನ ಅಶೋಕಪುರಂನಲ್ಲಿ 2020ರಲ್ಲಿ ಹಳೆ ಬೋಗಿಗಳನ್ನೇ ತರಗತಿ ಮಾಡಿದ್ದೂ ಉಂಟು. ಪುಸ್ತಕದಲ್ಲಿ ಒಂದು ಹೊಸ ಡಬ್ಬಿ ರಾತ್ರೋರಾತ್ರಿ ಶಾಲೆಗೆ ಬರುವ ಅಧ್ಯಾಯ ಇದೆ. ಹಳಿ ಇಲ್ಲದ ಕಡೆ ಡಬ್ಬಿ ಹೇಗೆ ಬರುತ್ತದೆ ಅಂತ ನೋಡಲು ಮಕ್ಕಳೆಲ್ಲ ಹೊದಿಕೆ ತಂದು ಶಾಲೆಯಲ್ಲೇ ಮಲಗುತ್ತಾರೆ. ಅದನ್ನು ಅರ್ಧಕ್ಕೆ ನಿಲ್ಲಿಸಿ ಬೆಲ್ ಹೊಡೆಸಿದೆ. ಮಾರನೇ ದಿನ ಹಾಜರಾತಿ ಪೂರ್ತಿ ಇತ್ತು. ಈ ಉಪಾಯ ಯಾವ ತರಬೇತಿಯಲ್ಲೂ ಹೇಳಿಕೊಡಲಿಲ್ಲ.

ಹೆಡ್‌ಮಾಸ್ಟರ್ ಕೊಬಾಯಾಶಿ ಮೊದಲ ದಿನವೇ ಈ ಹುಡುಗಿಯ ಎದುರು ಕುರ್ಚಿ ಎಳೆದುಕೊಂಡು ಕೂತು, ಏನು ಬೇಕಾದರೂ ಹೇಳು ಅನ್ನುತ್ತಾರೆ. ನಾಲ್ಕು ಗಂಟೆ ಕೇಳುತ್ತಾರೆ. ಒಂದು ಸಲವೂ ಆಕಳಿಸುವುದಿಲ್ಲ. ನನ್ನ ಕೈಲಿ ನಾಲ್ಕು ನಿಮಿಷ ಆಗುತ್ತದಾ ಅಂತ ಒಂದು ದಿನ ಪ್ರಯತ್ನಪಟ್ಟೆ. ಅಷ್ಟರಲ್ಲಿ ಬಿಸಿಯೂಟದ ಲೆಕ್ಕ ಕೇಳಿ ಫೋನ್ ಬಂತು.

ಮಕ್ಕಳಿಗೆ ತುಂಬ ಹಿಡಿಸಿದ್ದು ಶೌಚದ ಗುಂಡಿಯ ಪ್ರಸಂಗ. ಅವಳ ಇಷ್ಟದ ಪರ್ಸ್ ಒಳಗೆ ಬೀಳುತ್ತದೆ. ಉದ್ದ ಹಿಡಿಕೆಯ ಸೌಟು ತಂದು ಗುಂಡಿಯಲ್ಲಿದ್ದದ್ದನ್ನೆಲ್ಲ ಮೊಗೆದು ಹೊರಗೆ ಹಾಕುತ್ತಾ ಹೋಗುತ್ತಾಳೆ. ಆ ದಾರಿಯಲ್ಲಿ ಬಂದ ಹೆಡ್‌ಮಾಸ್ಟರ್ ಬಯ್ಯುವುದಿಲ್ಲ. ಆಮೇಲೆ ಎಲ್ಲ ವಾಪಸ್ ಹಾಕ್ತೀಯ ತಾನೇ ಅಂತ ಕೇಳಿ ಹೋಗುತ್ತಾರೆ, ಅಷ್ಟೇ. ಕ್ಲಾಸು ನಗುತ್ತಾ ಬಿದ್ದುಹೋಯಿತು. ನಗು ನಿಂತ ಮೇಲೆ ಹಿಂದಿನ ಸಾಲಿನ ಒಬ್ಬ ಕೇಳಿದ: "ನೀವಾಗಿದ್ರೆ ಏನ್ ಮಾಡ್ತಿದ್ರಿ ಮಿಸ್?" ನಾನು ಬಯ್ಯುತ್ತಿದ್ದೆ. ಸುಳ್ಳು ಹೇಳಲಿಲ್ಲ.

ಊಟದ ವಿಷಯವೂ ಹಾಗೇ. ಆ ಶಾಲೆಯಲ್ಲಿ ಬುತ್ತಿಯಲ್ಲಿ ಕಡಲಿನದ್ದೊಂದು, ಬೆಟ್ಟದ್ದೊಂದು ಇರಬೇಕು. ನಮಗೆ ಕಡಲು ಎಲ್ಲಿ? ಮಕ್ಕಳೇ ಅದನ್ನು ತೋಟದ್ದೊಂದು, ಹೊಲದ್ದೊಂದು ಅಂತ ಬದಲಾಯಿಸಿಕೊಂಡರು. ಮಧ್ಯಾಹ್ನ ತಟ್ಟೆ ಹಿಡಿದು ತನಿಖೆ ಶುರು. ಸಾಂಬಾರಿನ ನುಗ್ಗೆಕಾಯಿ ತೋಟದ್ದು, ಸರಿ. ಅನ್ನ? "ಅದು ಸೊಸೈಟಿದು ಮಿಸ್" ಅಂದಳು ಒಬ್ಬಳು.

ತಾಕಾಹಾಶಿ ಅನ್ನುವ ಹುಡುಗನಿಗೆ ಕೈಕಾಲು ಗಿಡ್ಡ, ಎತ್ತರ ಬೆಳೆಯುವುದಿಲ್ಲ. ಆಟೋಟದ ದಿನ ಎಲ್ಲ ಸ್ಪರ್ಧೆಯಲ್ಲೂ ಅವನೇ ಗೆಲ್ಲುತ್ತಾನೆ. ಅಂಥವನು ಗೆಲ್ಲುವಂತೆ ಆಟಗಳನ್ನು ಯೋಚಿಸಿದವರು ಹೆಡ್‌ಮಾಸ್ಟರೇ. ಬಹುಮಾನ ಏನು ಗೊತ್ತಾ? ಮೂಲಂಗಿ, ಸೊಪ್ಪು. ಇದನ್ನು ಓದಿದ ವರ್ಷ ನಮ್ಮಲ್ಲೂ ಸ್ಟೀಲ್ ತಟ್ಟೆ ಬಿಟ್ಟು ತೆಂಗಿನಕಾಯಿ ಕೊಟ್ಟೆವು. ಮೊದಲ ಬಹುಮಾನಕ್ಕೆ ಮೂರು, ಎರಡನೆಯದಕ್ಕೆ ಎರಡು. ಪೋಷಕರೊಬ್ಬರಿಗೆ ಅದು ಸರಿಬರಲಿಲ್ಲ. "ನಮ್ಮನೇಲಿ ಕಾಯಿಗೇನು ಬರವಾ?" ಅಂದರು. ಅವರು ಹೇಳಿದ್ದೂ ನಿಜವೇ.

ಇನ್ನು ತೊಡಕುಗಳು. ಹೆಸರುಗಳು ನಾಲಿಗೆಗೆ ಬೇಗ ಒಗ್ಗುವುದಿಲ್ಲ. ನಾನು ಮೊದಲೇ ಬೋರ್ಡಿನ ಮೂಲೆಯಲ್ಲಿ ಬರೆದಿಡುತ್ತೇನೆ. ಸಂಗೀತ, ಲಯ, ಕುಣಿತದ ಪಾಠ ವಿವರಿಸುವ ಅಧ್ಯಾಯ ಎಳೆದ ಹಾಗಿದೆ. ಅದನ್ನು ಹಾರಿಸಿಬಿಟ್ಟೆ, ಯಾರೂ ಕೇಳಲಿಲ್ಲ. ಕೊನೆಗೆ ಯುದ್ಧ ಬರುತ್ತದೆ. 1945ರಲ್ಲಿ ಬಾಂಬಿಗೆ ಶಾಲೆ ಸುಟ್ಟುಹೋಗುತ್ತದೆ. ಉರಿಯುವ ಶಾಲೆ ನೋಡುತ್ತಾ ನಿಂತ ಹೆಡ್‌ಮಾಸ್ಟರ್ ಮಗನನ್ನು, ಮುಂದೆ ಎಂಥ ಶಾಲೆ ಕಟ್ಟೋಣ ಅಂತ ಕೇಳುತ್ತಾರೆ. ಆ ಪುಟಕ್ಕೆ ಮುಂಚೆ ಎರಡನೇ ಮಹಾಯುದ್ಧದ ಬಗ್ಗೆ ಸ್ವಲ್ಪ ಹೇಳಿಕೊಳ್ಳಿ. ಇಲ್ಲದಿದ್ದರೆ ಆಕಾಶದಿಂದ ಬೆಂಕಿ ಯಾಕೆ ಬಿತ್ತು ಅಂತ ಮಕ್ಕಳಿಗೆ ಗೊತ್ತಾಗುವುದಿಲ್ಲ. ತಾನಾಗಿ ಓದುವುದಾದರೆ 7ನೇ ತರಗತಿಯಿಂದ, ಓದಿ ಹೇಳುವುದಾದರೆ 4ನೇ ತರಗತಿಗೂ ನಡೆಯುತ್ತದೆ.

ಇದು ಮುಗಿದ ಮೇಲೆ ಏನು? ನಾನು 7ನೆಯವರಿಗೆ ಆರ್.ಕೆ. ನಾರಾಯಣರ ಸ್ವಾಮಿಯ ಕತೆ ಹಿಡಿಯುತ್ತೇನೆ. ಇಂಗ್ಲಿಷಿನಲ್ಲಿ 1935ರಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಅಂತ ಬಂದ ಅವರ ಮೊದಲ ಕಾದಂಬರಿ, ಕನ್ನಡ ಅನುವಾದ ಓದಿ ಹೇಳುವುದು. ಅಪ್ಪ ಕೊಡುವ ಮಾವಿನಹಣ್ಣಿನ ಲೆಕ್ಕವನ್ನು ಮೊದಲು ಬೋರ್ಡ್ ಮೇಲೆ ಬರೆಯಿರಿ. ರಾಮನ ಹತ್ತಿರ 10 ಮಾವಿನಹಣ್ಣು, ಅದರಿಂದ ಅವನಿಗೆ 15 ಆಣೆ ಬರಬೇಕು. ಕೃಷ್ಣನಿಗೆ ನಾಲ್ಕೇ ಸಾಕು, ಎಷ್ಟು ಕೊಡಬೇಕು? ನನ್ನ ತರಗತಿಯಲ್ಲಿ ಲೆಕ್ಕ ಮಾಡಿದವರು ಇಬ್ಬರು. ಉಳಿದವರು ಆಣೆ ಅಂದ್ರೇನು ಅಂತ ಜಗಳ. ಸ್ವಾಮಿಗೋ, ಹಣ್ಣು ಮಾಗಿದೆಯೋ ಇಲ್ಲವೋ ಅನ್ನುವುದೇ ದೊಡ್ಡ ಪ್ರಶ್ನೆ. ಬೆತ್ತದ ಏಟು ಈ ಪುಸ್ತಕದಲ್ಲಿ ಜಾಸ್ತಿ. ಅದರ ಬಗ್ಗೆ ಮಕ್ಕಳ ಹತ್ತಿರ ಮಾತಾಡಬೇಕಾಗುತ್ತದೆ, ನಾನಂತೂ ಮಾತಾಡಿದೆ.

ಹೈಸ್ಕೂಲಿನವರು ಕೇಳಿದರೆ ತೇಜಸ್ವಿಯವರ ಕರ್ವಾಲೋ, 1980ರದ್ದು. ಮಕ್ಕಳಿಗಾಗಿ ಬರೆದದ್ದಲ್ಲ. ಆದರೆ 9ನೇ ತರಗತಿಯ ಹುಡುಗರು ಹಿಡಿದರೆ ಕೆಳಗಿಡುವುದಿಲ್ಲ. ಜೇನು ಹಿಡಿಯುವ ಮಂದಣ್ಣ ಊರಿನವರ ಕಣ್ಣಿಗೆ ಅಬ್ಬೇಪಾರಿ, ವಿಜ್ಞಾನಿಯ ಕಣ್ಣಿಗೆ ಕಾಡು ಬಲ್ಲವನು. ಪರೀಕ್ಷೆಯಲ್ಲಿ ಹಿಂದೆ ಬಿದ್ದ ಹುಡುಗನ ಕೈಗೆ ಕೊಟ್ಟು ನೋಡಿ. ಸಾರಾಯಿ, ಪೊಲೀಸು ಎಲ್ಲ ಬರುತ್ತದೆ, ಅದಕ್ಕೇ ನಮ್ಮ ಪ್ರಾಥಮಿಕ ಶಾಲೆಯ ಬೀರುವಿನಲ್ಲಿ ಇಟ್ಟಿಲ್ಲ. ಅವರೆಲ್ಲ ಕಾಡಿನಲ್ಲಿ ಹುಡುಕಿಕೊಂಡು ಹೋಗುವ ಹಾರುವ ಓತಿ ಸಿಗುತ್ತದಾ ಅಂತ ನನ್ನನ್ನು ಕೇಳಬೇಡಿ.

"ಮಕ್ಕಳಿಗೆ ಕನ್ನಡದಲ್ಲಿ ಈಗ ಯಾರು ಕಾದಂಬರಿ ಬರೀತಾರೆ?" ಅನ್ನುವವರಿಗೂ ಒಂದು ಮಾತು. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಕನ್ನಡದಲ್ಲಿ ಸಾಲಾಗಿ ಮೂರು ವರ್ಷ ಕಾದಂಬರಿಗೇ ಬಂದಿದೆ. 2021ರಲ್ಲಿ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', 2022ರಲ್ಲಿ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', 2023ರಲ್ಲಿ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್'. ಗ್ರಂಥಾಲಯಕ್ಕೆ ಕೊಳ್ಳುವವರು ಈ ಮೂರನ್ನು ಪಟ್ಟಿಯ ಮೇಲ್ಗಡೆ ಬರೆದುಕೊಳ್ಳಿ. 'ಓಡಿ ಹೋದ ಹುಡುಗ' ಅನ್ನುವ ಹೆಸರು ನೋಡಿಯೇ ನಮ್ಮಲ್ಲಿ ನಾಲ್ಕು ಜನ ಸರದಿ ನಿಂತರು.

ಕೊಳ್ಳುವ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ದಾನಿಗಳೊಬ್ಬರು ಕೊಟ್ಟ ದುಡ್ಡಿಗೆ ಮೂವತ್ತು ಬೇರೆ ಬೇರೆ ಪುಸ್ತಕ ತಂದೆ. ಒಬ್ಬ ಓದಿದ್ದನ್ನು ಇನ್ನೊಬ್ಬ ಓದಿರುವುದಿಲ್ಲ, ಮಾತಿಗೇ ದಾರಿ ಇಲ್ಲ. ಆಮೇಲೆ ಆರು ಪುಸ್ತಕ ಆರಿಸಿ, ಒಂದೊಂದಕ್ಕೂ ಐದೈದು ಪ್ರತಿ ತಂದೆವು. ಆಗ ನೋಡಿ ಕೊಠಡಿಯ ಹೊರಗೂ ಕತೆಯ ಮಾತು ಶುರುವಾಯಿತು. ಪಂಚಾಯಿತಿಯ ಗ್ರಂಥಾಲಯವನ್ನೂ ಮರೆಯಬೇಡಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸದಸ್ಯತ್ವಕ್ಕೆ ದುಡ್ಡಿಲ್ಲ. ಬೇಸಿಗೆ ರಜೆಯಲ್ಲಿ ನಮ್ಮ ಬೀರು ಮುಚ್ಚಿದಾಗ ಅದೇ ಗತಿ.

ತೊತ್ತೋಚಾನ್ ಓದುವವರಿಗೆ ಇನ್ನೊಂದು ಎಚ್ಚರಿಕೆ ಹೇಳಬೇಕು. ಪೋಲಿಯೋ ಆದ ಯಾಸುವಾಕಿಯನ್ನು ಅವಳು ಕಷ್ಟಪಟ್ಟು ಮರ ಹತ್ತಿಸುತ್ತಾಳೆ. ಮುಂದೆ ಆ ಹುಡುಗ ಸತ್ತುಹೋಗುತ್ತಾನೆ. ಆ ದಿನ ಯಾರೂ ಮಾತಾಡಲಿಲ್ಲ, ನಾನೂ ಪ್ರಶ್ನೆ ಕೇಳಲಿಲ್ಲ. ಬ್ಯಾಗು ಹಾಕಿಕೊಂಡು ಸುಮ್ನೆ ಮನೆಗೆ ಹೋದರು. ಇದಕ್ಕೆ ನಾನು ಸಿದ್ಧಳಾಗಿದ್ದೆ. ಸಿದ್ಧಳಾಗದೆ ಇದ್ದದ್ದು ರಾಕಿ ಅನ್ನುವ ನಾಯಿಗೆ. ಅವಳು ಊರಿಂದ ಬರುವಷ್ಟರಲ್ಲಿ ಅದು ಮನೆಯಲ್ಲಿ ಇರುವುದಿಲ್ಲ. ಸತ್ತಿತು ಅಂತ ಯಾರೂ ಬಾಯಿಬಿಟ್ಟು ಹೇಳುವುದೂ ಇಲ್ಲ. ಮನೆಯಲ್ಲಿ ಎರಡು ನಾಯಿ ಸಾಕಿದ ಆರನೇ ತರಗತಿಯ ಒಬ್ಬ ಮಾತ್ರ ಒಪ್ಪಲಿಲ್ಲ. ಮಾರನೇ ದಿನ ಪ್ರಾರ್ಥನೆಗೆ ಮುಂಚೆಯೇ ಬಂದು ನಿಂತ. "ಮಿಸ್, ಅದು ಸತ್ತಿಲ್ಲ. ರೈಲು ಹತ್ಕೊಂಡು ಹೋಗಿರತ್ತೆ. ಅರಸೀಕೆರೆ ಸ್ಟೇಷನ್‌ನಲ್ಲಿ ನೋಡಿದೀನಿ, ನಾಯಿಗಳು ಸುಮ್ನೆ ಹತ್ಕೊಂಬಿಡ್ತವೆ."