ಏರ್ ಪಿಸ್ತೂಲಿಗೆ ಭಾರದ ಪೆಲೆಟ್: ನಾಲ್ಕು ವರ್ಷ, 46 ಡಬ್ಬಿ ಖಾಲಿ ಮಾಡಿದ ಮೇಲೆ

0.53 ಗ್ರಾಂ ತೂಕದ ಭಾರದ ಪೆಲೆಟ್, ಅಂದರೆ ಏರ್ ಪಿಸ್ತೂಲಿಗೆ ಹಾಕುವ ಸಣ್ಣ ಸೀಸದ ಗುಂಡು, ಕೊಳ್ಳಬೇಕಾ ಬೇಡವಾ ಅಂತ ರೇಂಜಿನಲ್ಲಿ ಹೊಸಬರು ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೂ ನಿಂತು ಹೇಳಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಒಂದು ಡಬ್ಬಿಗೆ 500 ಪೆಲೆಟ್, 46 ಡಬ್ಬಿ ಅಂದರೆ 23,000 ಗುಂಡು. ಅದರಲ್ಲಿ ಮೊದಲ ಎರಡು ವರ್ಷ ಪೂರ್ತಿ ಭಾರದ್ದೇ ಹೊಡೆದಿದ್ದೇನೆ. ಆಮೇಲೆ ಹಗುರದ್ದೂ ಹೊಡೆದೆ. ಭಾರದ ಪೆಲೆಟ್ ಕೆಟ್ಟದ್ದಲ್ಲ. ಆದರೆ ನಾನು ಯಾವ ಆಸೆ ಇಟ್ಟುಕೊಂಡು ಅದನ್ನು ತಂದೆನೋ ಆ ಕೆಲಸ ಅದರಿಂದ ಆಗಲಿಲ್ಲ. ಯಾಕೆ ಆಗಲಿಲ್ಲ ಅಂತ ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು.

ನಾನು ಹೊಡೆಯುವುದು 10 ಮೀಟರ್ ಏರ್ ಪಿಸ್ತೂಲ್. ಸೆಕೆಂಡ್ ಹ್ಯಾಂಡ್ ಮ್ಯಾಚ್ ಪಿಸ್ತೂಲ್, 200 ಬಾರ್ ತನಕ ಗಾಳಿ ತುಂಬುವ ಸಿಲಿಂಡರ್ ಇರುವಂಥದ್ದು. ಮನೆ ಬಸವೇಶ್ವರನಗರ, ರೇಂಜ್ ಇರುವುದು ಕೆಂಗೇರಿ ಕಡೆ, ವಾರಕ್ಕೆ ಮೂರು ದಿನ ಸ್ಕೂಟರಿನಲ್ಲಿ ಹೋಗಿ ಬರುತ್ತೇನೆ. ಸ್ಕೂಟರಿನ ವಿಷಯ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಭಾರದ ಹುಚ್ಚು ಹತ್ತಿದ್ದು ಹೇಗೆ ಅಂದರೆ, ಅಮೆರಿಕದವರ ಬೇಟೆ ರಿವಾಲ್ವರಿನ ವಿಡಿಯೋ ನೋಡಿ. .44 ಮ್ಯಾಗ್ನಂ ಅಂತ ಒಂದಿದೆ, 1955ರಲ್ಲಿ ಬಂದದ್ದು. ಅದಕ್ಕೆ ಸೀಸ ಎರಕ ಹೊಯ್ದು 300 ಗ್ರೇನಿನ ಗುಂಡು ಮಾಡಿ, ತಾವೇ ಕೂತು ಒಂದೊಂದಾಗಿ ಲೋಡ್ ಮಾಡುತ್ತಾರೆ. 300 ಗ್ರೇನ್ ಅಂದರೆ ಹತ್ತೊಂಬತ್ತು ಗ್ರಾಂಗಿಂತ ಜಾಸ್ತಿ, ನಮ್ಮ ಭಾರದ ಪೆಲೆಟ್ಟಿನ ಮೂವತ್ತಾರು ಪಟ್ಟು. ಅವರಿಗೆ ಭಾರ ಬೇಕು, ಯಾಕೆಂದರೆ ದೊಡ್ಡ ಪ್ರಾಣಿಯ ಮೂಳೆ ಮಾಂಸ ದಾಟಿ ಗುಂಡು ನೆಟ್ಟಗೆ ಒಳಗೆ ಹೋಗಬೇಕು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಮಾತೇ ಇಲ್ಲ, ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮದ್ದುಗುಂಡು ಮಾಡಿದರೆ 1959ರ ಆಯುಧ ಕಾಯ್ದೆಯಲ್ಲಿ ಸೀದಾ ಅಪರಾಧ. ಅದು ಬೇರೆ ಲೋಕ. ಆದರೆ ಆ ವಿಡಿಯೋಗಳಲ್ಲಿ ಅವರು ಒಂದೊಂದು ಗುಂಡನ್ನೂ ತಕ್ಕಡಿಗೆ ಹಾಕಿ ಬೇರೆ ಮಾಡುವ ಶ್ರದ್ಧೆ ಇದೆಯಲ್ಲ, ಅದು ನನಗೆ ತುಂಬಾ ಹಿಡಿಸಿಬಿಟ್ಟಿತು. ಇದರ ಜೊತೆಗೆ ನನ್ನ ಕೊಡಗಿನ ಗೆಳೆಯ. ಅವರ ಮನೆಯಲ್ಲಿ ಕೋವಿ ಇದೆ, ಕೈಲ್‌ಪೊಳ್ದ್ ಹಬ್ಬಕ್ಕೆ ಅದಕ್ಕೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಹೋಗುತ್ತಾನೆ. "ಭಾರ ಇದ್ರೆ ಗುಂಡು ಅಲ್ಲಾಡಲ್ಲ ಮಾರಾಯ, ನೆಟ್ಟಗೆ ಹೋಗುತ್ತೆ" ಅಂದ. ಸರಿ ಅಂತ ಭಾರದ್ದೇ ತರಿಸಿದೆ.

ತಿಳಿಯದವರಿಗೆ ಒಂದೆರಡು ಮಾತು. ಮ್ಯಾಚ್ ಪೆಲೆಟ್ ಎಲ್ಲ 4.5 ಮಿ.ಮೀ., ಆಕಾರ ಡಮರುಗದ ಹಾಗೆ. ತಲೆ ಚಪ್ಪಟೆ, ನಡು ಸಣ್ಣ, ಹಿಂಭಾಗ ಟೊಳ್ಳು, ಅಂಚು ಕಾಗದದಷ್ಟು ತೆಳು. ಆ ಹಿಂದಿನ ಅಂಚಿಗೆ ಸ್ಕರ್ಟ್ ಅನ್ನುತ್ತಾರೆ. ಗಾಳಿ ತಳ್ಳಿದಾಗ ಸ್ಕರ್ಟ್ ಅರಳಿ ಬ್ಯಾರೆಲ್ಲಿನ ಗೋಡೆಗೆ ಒತ್ತಿಕೊಳ್ಳುತ್ತದೆ, ಗಾಳಿ ಪಕ್ಕದಿಂದ ಸೋರದ ಹಾಗೆ. ತಲೆ ಚಪ್ಪಟೆ ಇರುವುದರಿಂದ ಕಾಗದದಲ್ಲಿ ಪಂಚಿಂಗ್ ಮಷೀನ್ ಒತ್ತಿದ ಹಾಗೆ ದುಂಡನೆಯ ತೂತು ಬೀಳುತ್ತದೆ. ತೂಕ ಸಾಮಾನ್ಯವಾಗಿ 0.45, 0.49, 0.53 ಗ್ರಾಂ. ಆರ್‌ಡಬ್ಲ್ಯುಎಸ್ ಆರ್10 ಪಿಸ್ತೂಲಿಗೆ ಅಂತ 0.45, ರೈಫಲ್ಲಿಗೆ ಅಂತ 0.53 ಬರುತ್ತದೆ. ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್‌ನಲ್ಲಿ 0.49 ಮತ್ತು 0.53, ಅದರಲ್ಲೂ ತಲೆಯ ಅಳತೆ 4.49, 4.50 ಅಂತ ಬೇರೆ ಬೇರೆ. ನನ್ನ ಗ್ರೂಪ್ ಅಳತೆ, ಅಂದರೆ ಒಂದೇ ಗುರಿಗೆ ಹೊಡೆದ ಗುಂಡುಗಳು ಎಷ್ಟು ಹತ್ತಿರ ಬಿದ್ದವು ಅನ್ನುವ ಲೆಕ್ಕ, ಕೆಳಗೆ ಕೊಡುವಾಗ ಮಾತ್ರ ಬ್ರ್ಯಾಂಡ್ ಹೆಸರು ಹಾಕುವುದಿಲ್ಲ. ನನ್ನ ಬ್ಯಾರೆಲ್ಲಿಗೆ ಒಗ್ಗಿದ್ದು ನಿಮ್ಮದಕ್ಕೂ ಒಗ್ಗಬೇಕು ಅಂತಿಲ್ಲ, ಹೆಸರು ನೋಡಿ ಹತ್ತು ಡಬ್ಬಿ ತಂದುಬಿಡುತ್ತೀರಿ.

ಭಾರದ ಡಬ್ಬಿ ಬಂದ ಮೇಲೆ ನಗರ್ತಪೇಟೆಗೆ ಹೋಗಿ ಚಿನ್ನದ ಕೆಲಸದವರು ಇಟ್ಟುಕೊಳ್ಳುವ ತಕ್ಕಡಿ ತಂದೆ, ಮಿಲಿಗ್ರಾಂ ತೋರಿಸುವಂಥದ್ದು. ಪರೀಕ್ಷೆ ಮಾಡಿ ಕೊಳ್ಳೋಣ ಅಂತ ಜೇಬಿನಲ್ಲಿ ನಾಲ್ಕು ಪೆಲೆಟ್ ಹಾಕಿಕೊಂಡು ಹೋಗಿದ್ದೆ. ಅಂಗಡಿಯ ಹಿರಿಯರು ಒಂದನ್ನು ಚಿಮಟದಲ್ಲಿ ಎತ್ತಿ ತಿರುಗಿಸಿ ನೋಡಿದರು. "ಸೀಸ ತೂಗ್ತೀರಾ ಸಾರ್? ಅಂಚು ಇಷ್ಟು ತೆಳ್ಳಗಿದೆ, ಇದನ್ನ ಜೇಬಲ್ಲಿ ಹಾಕ್ಕೊಂಡ್ ಬಂದ್ರಾ?" ಅಂದರು. ಇಡೀ ನಾಲ್ಕು ವರ್ಷದಲ್ಲಿ ನನಗೆ ಸಿಕ್ಕ ಅತಿ ಒಳ್ಳೆಯ ಸಲಹೆ ಅದೇ, ಆದರೆ ಆ ದಿನ ನನ್ನ ಗಮನ ಪೂರ್ತಿ ತಕ್ಕಡಿಯ ಮೇಲಿತ್ತು.

ಆಮೇಲೆ ಒಂದೂವರೆ ವರ್ಷ ಪ್ರತಿ ಭಾನುವಾರ ರಾತ್ರಿ ಊಟ ಆದ ಮೇಲೆ ಕೂತು ತೂಗುತ್ತಿದ್ದೆ. ಒಂದು ಡಬ್ಬಿಗೆ ಎರಡೂವರೆ ಗಂಟೆ. ಫ್ಯಾನ್ ಹಾಕುವ ಹಾಗಿಲ್ಲ, ತಕ್ಕಡಿಯ ಅಂಕಿ ಓಡುತ್ತದೆ. ಹೆಚ್ಚಿನವು 0.527ರಿಂದ 0.533ರ ಒಳಗೇ ಇರುತ್ತಿದ್ದವು. ಎಲ್ಲ ಒಂದೇ ತೂಕದ 60 ಪೆಲೆಟ್ ಬೇರೆ ಮಾಡಿ ಮ್ಯಾಚಿಗೆ ಎತ್ತಿಡುತ್ತಿದ್ದೆ.

ಸ್ಕೋರ್ ಏರಲಿಲ್ಲ.

ನಮ್ಮ ಕೋಚ್ ಮೇಡಂ ಒಂದು ದಿನ ಸುಮ್ನೆ ಪೆನ್ನು ಕಾಗದ ಕೊಟ್ಟು ಲೆಕ್ಕ ಹಾಕಿ ಅಂದರು. ಹಾಕಿದೆ. 0.45ರ ಪೆಲೆಟ್ ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೋದರೆ ಅದರ ಶಕ್ತಿ ಸುಮಾರು 5 ಜೂಲ್. ಲೈಸೆನ್ಸ್ ಬೇಕಾಗುವ ಗೆರೆ 20 ಜೂಲ್, ನಾವು ಅದರ ಹತ್ತಿರವೂ ಇಲ್ಲ. ಅದೇ ಶಕ್ತಿಯಲ್ಲಿ 0.53 ಹೊರಟರೆ ವೇಗ 138ಕ್ಕೆ ಇಳಿಯುತ್ತದೆ. 10 ಮೀಟರ್ ಹೋಗುವಷ್ಟರಲ್ಲಿ ಹಗುರದ್ದು ಸುಮಾರು 22 ಮಿ.ಮೀ. ಕೆಳಗಿಳಿದರೆ ಭಾರದ್ದು 26. ನಾಲ್ಕು ಮಿ.ಮೀ. ವ್ಯತ್ಯಾಸ, ಅಂದರೆ ಟಾರ್ಗೆಟ್ಟಿನ ಮೇಲೆ ಅರ್ಧ ರಿಂಗ್, ಅದನ್ನು ಸೈಟಿನಲ್ಲಿ ಒಂದು ಸಲ ಸರಿ ಮಾಡಿಕೊಂಡರೆ ಮುಗಿಯಿತು. ಇನ್ನು ಒಂದೇ ಡಬ್ಬಿಯೊಳಗೆ 0.005 ಗ್ರಾಂ ವ್ಯತ್ಯಾಸ ಬಂದರೆ ಗುಂಡು ಎಷ್ಟು ಮೇಲೆ ಕೆಳಗೆ ಆಗುತ್ತದೆ? ಕಾಲು ಮಿಲಿಮೀಟರ್. ಟಾರ್ಗೆಟ್ಟಿನ ಹತ್ತರ ರಿಂಗಿನ ಅಗಲವೇ 11.5 ಮಿ.ಮೀ., ಗುಂಡಿನ ತೂತು ಅದರ ಗೆರೆ ಮುಟ್ಟಿದರೂ ಹತ್ತು ಸಿಗುತ್ತದೆ. ಕಾಲು ಮಿಲಿಮೀಟರಿಗೆ ನಾನು ಒಂದೂವರೆ ವರ್ಷದ ಭಾನುವಾರಗಳನ್ನು ಕೊಟ್ಟಿದ್ದೆ. ಆ ಹೊತ್ತಿನಲ್ಲಿ ಡ್ರೈ ಫೈರ್ ಮಾಡಿದ್ದರೆ, ಅಂದರೆ ಪೆಲೆಟ್ ಹಾಕದೆ ಗೋಡೆಯ ಮುಂದೆ ನಿಂತು ಟ್ರಿಗರ್ ಎಳೆದಿದ್ದರೆ ಖಂಡಿತ ಉಪಯೋಗ ಆಗುತ್ತಿತ್ತು.

ಆದರೂ ನನಗೆ ಒಂದು ಸಂಶಯ ಉಳಿದಿತ್ತು. ಕೆಲವು ಗುಂಡು ಕೈ ಚೆನ್ನಾಗಿದ್ದಾಗಲೂ ಎಂಟಕ್ಕೆ ಹೋಗುತ್ತಿದ್ದವು. ಟ್ರಿಗರ್ ಬಿಟ್ಟ ಕ್ಷಣದಲ್ಲೇ ಗೊತ್ತಾಗುತ್ತದೆ ಅಲ್ವಾ, ಇದು ಒಳ್ಳೆಯ ಶಾಟ್ ಅಂತ. ಒಳ್ಳೆಯ ಶಾಟ್ ಅಂದುಕೊಂಡು ಪರದೆ ನೋಡಿದರೆ 8.6. ಒಂದು ಸಂಜೆ ಲೋಡ್ ಮಾಡುವ ಮುಂಚೆ ಪೆಲೆಟ್ಟನ್ನು ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದೆ. ಸ್ಕರ್ಟ್ ಒಂದು ಕಡೆ ಒಳಗೆ ಒತ್ತಿತ್ತು, ಇಡ್ಲಿ ತಟ್ಟೆಯ ಅಂಚು ಕೆಳಗೆ ಬಿದ್ದು ಸೊಟ್ಟ ಆಗುತ್ತದಲ್ಲ, ಹಾಗೆ. ಇನ್ನೊಂದು ತೆಗೆದೆ, ಅದೂ ಹಾಗೇ. ಭೂತಗನ್ನಡಿ ತರಿಸಿ ಆ ಡಬ್ಬಿಯ ಉಳಿದ ಪೆಲೆಟ್ ಎಲ್ಲ ನೋಡಿದೆ. 212 ಉಳಿದಿದ್ದವು, 37ರ ಸ್ಕರ್ಟ್ ಸರಿಯಿಲ್ಲ. ಮನೆಯಲ್ಲೇ ಇಟ್ಟಿದ್ದ, ಒಡೆಯದ ಡಬ್ಬಿ ತೆಗೆದು ಅಷ್ಟೇ ಎಣಿಸಿ ನೋಡಿದೆ. ಎರಡು ಮಾತ್ರ.

ಕಾರಣ ಸ್ಕೂಟರ್. ಅರ್ಧಂಬರ್ಧ ಖಾಲಿಯಾದ ಡಬ್ಬಿ ತಿಂಗಳುಗಟ್ಟಲೆ ಡಿಕ್ಕಿಯಲ್ಲೇ ಇರುತ್ತಿತ್ತು. ಮೈಸೂರು ರಸ್ತೆಯ ಗುಂಡಿ, ಹಂಪು, ಅಗೆದು ಮುಚ್ಚಿದ ಜಾಗ ಎಲ್ಲದರ ಮೇಲೂ ಆ ಪೆಲೆಟ್‌ಗಳು ಒಂದಕ್ಕೊಂದು ಬಡಿದುಕೊಳ್ಳುತ್ತಾ ಬರುತ್ತಿದ್ದವು. ಸೀಸ ಮೆತ್ತಗೆ, ಸ್ಕರ್ಟ್ ಅದರಲ್ಲೂ ತೆಳು. ಅದರಲ್ಲೂ ಭಾರದ ಪೆಲೆಟ್, ಬಡಿದಾಗ ಪೆಟ್ಟೂ ಜಾಸ್ತಿ ಅಂತ ನನ್ನ ಅನಿಸಿಕೆ. ಸ್ಕರ್ಟ್ ಸೊಟ್ಟ ಆದರೆ ಗಾಳಿ ಒಂದು ಪಕ್ಕದಿಂದ ಸೋರುತ್ತದೆ, ವೇಗ ಬದಲಾಗುತ್ತದೆ, ಬ್ಯಾರೆಲ್ಲಿನ ಬಾಯಿ ಬಿಡುವಾಗ ಪೆಲೆಟ್ ಓರೆಯಾಗುತ್ತದೆ. ತಕ್ಕಡಿಗೆ ಇದು ಗೊತ್ತೇ ಆಗುವುದಿಲ್ಲ. ಸೊಟ್ಟ ಆದರೂ ತೂಕ ಅಷ್ಟೇ ಇರುತ್ತದೆ. ನಗರ್ತಪೇಟೆಯ ಹಿರಿಯರು ಜೇಬಿನ ಬಗ್ಗೆ ಹೇಳಿದ್ದು ಆಗ ನೆನಪಾಯಿತು.

ಈಗ ನಾನು ಮಾಡುವುದು ಇಷ್ಟು. ಫೋಟೋ ಫ್ರೇಮಿನ ಗಾಜು ಒಂದಿದೆ, ಅದರ ಒಂದು ಬದಿಗೆ ಎರಡು ನೋಟ್‌ಬುಕ್ ಕೊಟ್ಟು ಸ್ವಲ್ಪ ಇಳಿಜಾರು ಮಾಡುತ್ತೇನೆ. ಮೇಲಿಂದ ಪೆಲೆಟ್ ಒಂದೊಂದಾಗಿ ಬಿಡುತ್ತೇನೆ. ತಲೆಗೂ ಸ್ಕರ್ಟಿಗೂ ಅಳತೆ ಸ್ವಲ್ಪ ಬೇರೆ ಇರುವುದರಿಂದ ಪೆಲೆಟ್ ನೆಟ್ಟಗೆ ಉರುಳುವುದಿಲ್ಲ, ಬಿಲ್ಲಿನ ಹಾಗೆ ಬಾಗಿ ಹೋಗುತ್ತದೆ. ಒಳ್ಳೆಯವು ಎಲ್ಲ ಒಂದೇ ಬಾಗಿನಲ್ಲಿ ಹೋಗಿ ಕೆಳಗೆ ಒಂದೇ ಕಡೆ ಬೀಳುತ್ತವೆ. ಸೊಟ್ಟ ಇರುವುದು ಕುಂಟುತ್ತದೆ, ಗಾಜಿನ ಮೇಲೆ ಟಿಕ್ ಟಿಕ್ ಅಂತ ಸಣ್ಣ ಸದ್ದು ಬರುತ್ತದೆ, ದಾರಿ ಬಿಟ್ಟು ಬೇರೆ ಕಡೆ ಹೋಗುತ್ತದೆ. ಕಣ್ಣಿಗಿಂತ ಮೊದಲು ಕಿವಿಗೇ ಗೊತ್ತಾಗುತ್ತದೆ. ಮ್ಯಾಚಿಗೆ ಬೇಕಾದ 80 ಪೆಲೆಟ್ ಆರಿಸಲು ಹತ್ತು ನಿಮಿಷ ಸಾಕು. ರೇಂಜಿಗೆ ಒಯ್ಯುವುದು ತೂತಿರುವ ಫೋಮಿನ ಟ್ರೇಯಲ್ಲಿ, ಒಂದೊಂದಕ್ಕೆ ಒಂದೊಂದು ತೂತು. ಡಬ್ಬಿ ಮನೆಯಲ್ಲೇ ಇರುತ್ತದೆ.

ಇನ್ನು ಗ್ರೂಪ್ ಅಳತೆ. ಪಿಸ್ತೂಲನ್ನು ಬೆಂಚಿಗೆ ಕ್ಲ್ಯಾಂಪ್ ಮಾಡಿ, ಗಾಜಿನ ಪರೀಕ್ಷೆ ದಾಟಿದ ಪೆಲೆಟ್ ಮಾತ್ರ ತೆಗೆದುಕೊಂಡು, ಹತ್ತು ಹತ್ತು ಗುಂಡಿನ ಐದು ಗ್ರೂಪ್ ಹೊಡೆದು, ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಇಟ್ಟು ಅಳೆದೆ. 0.53, ತಲೆ 4.49: ಸರಾಸರಿ 6.2 ಮಿ.ಮೀ. ಅದೇ 0.53, ತಲೆ 4.50: 7.4. 0.49, ತಲೆ 4.50: 6.0. 0.45: 6.9. ಪ್ರಾಕ್ಟೀಸಿಗೆ ತಂದ ಅಗ್ಗದ ಪೆಲೆಟ್: 11. ನೋಡಿ, ಮೂರೂ ತೂಕದ ಮ್ಯಾಚ್ ಪೆಲೆಟ್ಟಿನಲ್ಲಿ ಒಂದೊಂದರ ಅತಿ ಒಳ್ಳೆಯ ಗ್ರೂಪ್ ಹೋಲಿಸಿದರೆ ವ್ಯತ್ಯಾಸ 0.9 ಮಿ.ಮೀ., ಒಂದೇ 0.53ರಲ್ಲಿ ತಲೆಯ ಅಳತೆ ಬದಲಾದಾಗ ಆದದ್ದು 1.2. ಇದು ನನ್ನ ಬ್ಯಾರೆಲ್ಲಿನ ಲೆಕ್ಕ, ನಿಮ್ಮದರಲ್ಲಿ 4.50 ಗೆಲ್ಲಬಹುದು. ಅಗ್ಗದ್ದರಲ್ಲೂ ಎಲ್ಲ ಗುಂಡು ಹತ್ತರ ಒಳಗೇ ಇತ್ತು ಅನ್ನುವುದನ್ನು ದಯವಿಟ್ಟು ಗಮನಿಸಿ. 60 ಗುಂಡಿಗೆ 600ರಲ್ಲಿ 540 ಹೊಡೆಯುತ್ತಿರುವವರು ದುಬಾರಿ ಪೆಲೆಟ್ಟಿಗೆ ದುಡ್ಡು ಹಾಕುವ ಅಗತ್ಯವೇ ಇಲ್ಲ. ಬೆಂಗಳೂರಿನವರೇ ಆದ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ ಇದೇ 10 ಮೀಟರ್ ಪಿಸ್ತೂಲಿನಲ್ಲಿ ಬೆಳ್ಳಿ ತಂದರು. ಆ ಮಟ್ಟಕ್ಕೆ ಹೋದಾಗ ಗೆರೆಗೆ ತಾಗಿದ ಗುಂಡು ಲೆಕ್ಕಕ್ಕೆ ಬರುತ್ತದೆ, ಆಗ ಒಂದು ಮಿಲಿಮೀಟರಿಗೂ ಬೆಲೆ ಇದೆ.

ಕೈಯಲ್ಲಿ ಹಿಡಿದು ಹೊಡೆದಾಗ ಭಾರದ್ದು ಹೇಗೆ? ಬ್ಯಾರೆಲ್ಲಿನಲ್ಲಿ ಸ್ವಲ್ಪ ಹೊತ್ತು ಜಾಸ್ತಿ ಇರುತ್ತದೆ, ಹಾಗಾಗಿ ಟ್ರಿಗರ್ ಎಳೆದ ಕೂಡಲೇ ಕೈ ಸಡಿಲ ಬಿಡುವ ಅಭ್ಯಾಸ ಇದ್ದವರಿಗೆ ಅದು ಒಳ್ಳೆಯದಲ್ಲ. ನನಗೆ ಆ ಅಭ್ಯಾಸ ಇತ್ತು. 0.49ಕ್ಕೆ ಬದಲಾದ ಮೇಲೆ ಸೈಟ್ ಎರಡು ಮೂರು ಕ್ಲಿಕ್ ತಿರುಗಿಸಿದೆ, ಒಂದು ವಾರದಲ್ಲಿ ಒಗ್ಗಿತು. ಸ್ಕೋರಿನ ಪುಸ್ತಕದಲ್ಲಿ ನಾಲ್ಕೈದು ಅಂಕ ಏರಿದ್ದು ಕಾಣುತ್ತದೆ, ಆದರೆ ಅದು ಪೆಲೆಟ್ಟಿನದೋ, ಅದೇ ಸಮಯಕ್ಕೆ ಶುರು ಮಾಡಿದ ಡ್ರೈ ಫೈರಿನದೋ ಬೇರೆ ಮಾಡಿ ಹೇಳಲಾರೆ.

ಬೆಲೆ: ಭಾರದ ಡಬ್ಬಿಗೆ ಕೊನೆಯ ಸಲ ₹1,300 ಕೊಟ್ಟೆ, ಒಂದು ಗುಂಡಿಗೆ ಎರಡೂವರೆ ರೂಪಾಯಿ ದಾಟಿತು. ಒಂದು ಸಲ ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರರಿಂದ ತರಿಸಿದಾಗ ನಾಲ್ಕರಲ್ಲಿ ಎರಡು ಡಬ್ಬಿ ನೆಗ್ಗಿ ಬಂದವು. ತೆರೆದರೆ ಒಳಗೆ ಬಿಳಿ ಪುಡಿ. ವಾಪಸ್ ತೆಗೆದುಕೊಳ್ಳಲಿಲ್ಲ. ಅಲ್ಲಿಂದ ನೇರವಾಗಿ ಅಂಗಡಿಗೇ ಹೋಗಿ, ಗುರುತಿನ ಚೀಟಿ ಕೊಟ್ಟು, ಡಬ್ಬಿಯ ಕೆಳಗಿನ ಬ್ಯಾಚ್ ನಂಬರ್ ನೋಡಿ ಒಂದೇ ಬ್ಯಾಚಿನವು ತರುತ್ತೇನೆ.

ಆ ಬಿಳಿ ಪುಡಿಯ ಬಗ್ಗೆ ಹೇಳಲೇಬೇಕು. ತೇವಕ್ಕೆ ಸೀಸದ ಮೇಲೆ ಬರುವ ಪುಡಿ ಅದು, ನಮ್ಮ ಮಳೆಗಾಲದಲ್ಲಿ ಡಬ್ಬಿ ತೆರೆದಿಟ್ಟರೂ ಬರುತ್ತದೆ. ಒರೆಸಿ ಬಳಸಬೇಡಿ, ಊದಬೇಡಿ, ಆ ಡಬ್ಬಿ ಬಿಟ್ಟುಬಿಡಿ. ಸೀಸಕ್ಕೆ ಇಷ್ಟಾದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮಕ್ಕಳ ಮಿದುಳಿಗೆ ಅದು ಮಾಡುವ ಹಾನಿ ಸರಿಹೋಗುವುದಿಲ್ಲ. ನಾನು ಒಂದೂವರೆ ವರ್ಷ ಊಟದ ಮೇಜಿನ ಮೇಲೆ ಬರಿಗೈಯಲ್ಲಿ ತೂಗಿದ್ದೇನೆ, ಅದೇ ಮೇಜಿನ ಮೇಲೆ ಬೆಳಿಗ್ಗೆ ಮಗಳು ತಿಂಡಿ ತಿನ್ನುತ್ತಿದ್ದಳು. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸಿದೆ, ಗಾಬರಿಪಡುವಂಥದ್ದು ಏನಿಲ್ಲ ಅಂದರು ಡಾಕ್ಟರು. ಈಗ ಗಾಜು, ಭೂತಗನ್ನಡಿ, ಟ್ರೇ ಎಲ್ಲ ಬಾಲ್ಕನಿಯ ಒಂದು ಪೆಟ್ಟಿಗೆಯಲ್ಲಿ. ಕೈಗೆ ಗ್ಲೌಸ್, ಆದ ಮೇಲೆ ಸೋಪು ಹಾಕಿ ತಣ್ಣೀರಿನಲ್ಲಿ ಕೈತೊಳೆಯುವುದು, ರೇಂಜಿನ ಅಂಗಿ ಬೇರೆ ಒಗೆಯುವುದು. ರೇಂಜಿನಲ್ಲಿ ಗುಂಡು ಬೀಳುವ ಪೆಟ್ಟಿಗೆಯ ಸುತ್ತ ಪೊರಕೆಯಲ್ಲಿ ಗುಡಿಸುತ್ತಿದ್ದರೆ ನಿಲ್ಲಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಲು ಹೇಳಿ. ಅಲ್ಲಿ ಗುಡಿಸುವ ಅಕ್ಕನಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಕೊಳ್ಳುವವರಿಗೆ: ರೈಫಲ್ ಹೊಡೆಯುವವರಾದರೆ 0.53 ಧಾರಾಳವಾಗಿ ಕೊಳ್ಳಿ, ಅದು ಅವರಿಗೇ ಮಾಡಿದ್ದು. ಪಿಸ್ತೂಲಿನವರು ಮೊದಲು ರೇಂಜಿನಲ್ಲಿ ಗೆಳೆಯರ ಹತ್ತಿರ ಇಪ್ಪತ್ತಿಪ್ಪತ್ತು ಪೆಲೆಟ್ ಇಸಕೊಂಡು, ಮೂರು ತೂಕ ಎರಡು ತಲೆ ಅಳತೆ ಕ್ಲ್ಯಾಂಪಿನಲ್ಲಿ ಹೊಡೆದು ನೋಡಿ, ಆಮೇಲೆ ಡಬ್ಬಿ ತನ್ನಿ. ನನ್ನ ಹತ್ತಿರ ಭಾರದ್ದು 4.49 ಇನ್ನೂ ಮೂರು ಡಬ್ಬಿ ಇದೆ, ಒಂದನ್ನು ತೆರೆದಿಲ್ಲ. ಕೆಂಗೇರಿ ಕಡೆ ಹೊಡೆಯುವವರು ಯಾರಾದರೂ ಪರೀಕ್ಷೆಗೆ ಬೇಕು ಅಂದರೆ ಶನಿವಾರ ಬೆಳಿಗ್ಗೆ ಬನ್ನಿ, ಟ್ರೇಯಲ್ಲಿ ಹಾಕಿ ಕೊಡುತ್ತೇನೆ.