ಹೊಸ ಏಂಜಲ್ ಮೀನು: ನೇರ ಬಿಡುವುದೋ, ಜಾಲರಿ ಹಿಂದೆ ಇಡುವುದೋ?

ಟ್ಯಾಂಕಿನಲ್ಲಿ ಕೋರಿಡೋರಾಸ್, ರಮ್ಮಿನೋಸ್ ಟೆಟ್ರಾದಂಥ ಸಾಧು ಮೀನುಗಳಷ್ಟೇ ಇದ್ದರೆ ನೇರ ಬಿಡುವುದೇ ಲೇಸು. ಲೈಟ್ ಆರಿಸಿ, ಮೀನು ತಂದ ಕವರನ್ನು ಟ್ಯಾಂಕಿನಲ್ಲಿ 15–20 ನಿಮಿಷ ತೇಲಿಸಿ, ಮೀನನ್ನಷ್ಟೇ ಬಿಡಿ. ಕವರಿನ ನೀರು ಬೇಡ. ಮರುದಿನದವರೆಗೂ ಲೈಟ್ ಹಾಕಬೇಡಿ. ಹೀಟರ್ ಹಿಂದೆ ರೆಕ್ಕೆ ಮುದುಡಿ ನಿಂತು ಎರಡು ದಿನ ತಿನ್ನದಿದ್ದರೆ ಗಾಬರಿಯಾಗಬೇಡಿ. ಉಸಿರಾಟ ಜೋರಾದರೆ ಮಾತ್ರ ತಕ್ಷಣ ನೀರಿನ ಅಮೋನಿಯಾ (ಮೀನಿನ ತ್ಯಾಜ್ಯದಿಂದಾಗುವ ವಿಷ) ಪರೀಕ್ಷಿಸಿ.

ಮೊದಲೇ ಏಂಜಲ್ ಇದ್ದರೆ ಜಾಲರಿಯೇ ಸರಿ. ಹಳೆಯದು ಜಾಗಕ್ಕಾಗಿ ಹೊಸದನ್ನು ಅಟ್ಟಾಡಿಸಿ ರೆಕ್ಕೆ ಹರಿಯುತ್ತದೆ. 3–5 ದಿನ ಅಡ್ಡ ಜಾಲರಿ ಇರಲಿ, ನೀರು ಎರಡೂ ಕಡೆ ಹರಿದಾಡಲಿ. ಮರಿ ಬಿಡುವ ಪುಟ್ಟ ಪೆಟ್ಟಿಗೆ ಬೇಡವೇ ಬೇಡ, ಆ ಉದ್ದ ರೆಕ್ಕೆ ಅದರಲ್ಲಿ ಬಿಚ್ಚಿಕೊಳ್ಳುವುದಿಲ್ಲ. ಜಾಲರಿ ತೆಗೆಯುವ ದಿನ ಕಟ್ಟಿಗೆ, ಗಿಡಗಳ ಜಾಗ ಬದಲಿಸಿದರೆ ಹಳೆಯದರ ಗಡಿ ಅಳಿಸುತ್ತದೆ. ಹಳೆಯ ಏಂಜಲ್‌ಗಳು ಜೋಡಿಯಾಗಿ ಮೊಟ್ಟೆ ಕಾಯುತ್ತಿದ್ದರೆ ಎರಡೂ ದಾರಿ ಸದ್ಯಕ್ಕೆ ಬೇಡ.